ಮುಂಬಯಿಗೆ ಒಂದೇ ಎಲೆ

ಸವಣೂರಿನ ಸರೋಜವ್ವ ದೂರವನ್ನು ಅಳೆಯುವುದು ಎಲೆ-ಅಡಿಕೆಯಿಂದ. ಎಲೆಬಳ್ಳಿಯ ತೋಟದಲ್ಲಿ ಬೆಳೆದು, ಅಂಥದೇ ತೋಟದವರ ಮನೆಗೆ ಸೊಸೆಯಾಗಿ ಬಂದವಳಿಗೆ ಮೈಲಿಗಲ್ಲು ಯಾಕೆ ಬೇಕು? ಶಿಗ್ಗಾವಿಗೆ ಒಂದು ಎಲೆ, ಹಾನಗಲ್ಲಿಗೆ ಎರಡು, ಹಿರೇಕೆರೂರಿಗೆ ಮೂರೋ ನಾಲ್ಕೋ, ಡ್ರೈವರನ ಮರ್ಜಿ. ಇದೇನು ಶೋಕಿಯಲ್ಲ. ಬಾಯಲ್ಲಿ ಎಲೆ ಇಲ್ಲದಿದ್ದರೆ ಬಸ್ಸು ಊರು ದಾಟುವ ಮೊದಲೇ ಆಕೆಗೆ ಹೊಟ್ಟೆ ತೊಳಸುತ್ತದೆ. ಹೀಗಾಗಿ ಮುಂಬಯಿಯ ಅಕ್ಕ ಶಿವಬಸವ್ವನ ಮನೆಯನ್ನು ಆಕೆ ಕಂಡೇ ಇಲ್ಲ. ಅಲ್ಲಿಯವರೆಗೆ ಬಸ್ಸಿನಲ್ಲಿ ಕೂತರೆ ತೋಟವೇ ಬೋಳಾದೀತು ಎನ್ನುತ್ತಿದ್ದಳು.

ಅಕ್ಕನೋ, ಮೊಣಕಾಲು ಸೋತು ಮೂರನೇ ಮಹಡಿಯಿಂದ ಇಳಿಯಲಾರಳು. ಫೋನಿನಲ್ಲಿ ಒಂದೇ ಹಟ. ಪಾರ್ಸೆಲ್ಲಿನ ಎಲೆ ಬೇಡ, ತೋಟದಲ್ಲಿ ಕೂತು ನಿನ್ನ ಕೈಯಾರೆ ಮಡಚಿದ್ದು ಬೇಕು, ಅದರ ಸುಣ್ಣ ಆರಿರಬಾರದು. ಅವ್ವ ಬಾವಿಕಟ್ಟೆಯ ಮೇಲೆ ಇಬ್ಬರಿಗೂ ಹಾಗೆ ಮಡಚಿ ಕೊಡುತ್ತಿದ್ದಳು.

ಕೊನೆಗೆ ಸೊಸೆ ಸುಧಾರಾಣಿ ಅತ್ತೆಗೂ ತನಗೂ ವಿಮಾನದ ಟಿಕೆಟ್ ತೆಗೆಸಿದಳು. ಹುಬ್ಬಳ್ಳಿಯಿಂದ ಮುಂಬಯಿಗೆ ಆಕಾಶದ ದಾರಿ ನಾನೂರೈವತ್ತು ಕಿಲೋಮೀಟರಿನ ಆಸುಪಾಸು, ತಾಸಿನ ಮೇಲೆ ಸ್ವಲ್ಪ ಹೊತ್ತು ಎಂದಳು. ಸರೋಜವ್ವ ಲೆಕ್ಕ ಹಾಕಿದಳು, ತಲೆ ಗಿರ್ರೆಂದಿತು. ಹುಬ್ಬಳ್ಳಿ ಮುಟ್ಟಲು ಎರಡು ಎಲೆ, ಅಲ್ಲಿಂದ ಮುಂಬಯಿಗೆ ಒಂದೇ! ಸಂತೆಗೆ ಹೋಗಿ ಕಂಡಕಂಡವರಿಗೆಲ್ಲ ಹೇಳಿದಳು:

“ಮುಂಬೈ ಹಾನಗಲ್ಲಿಗಿಂತ ಸಮೀಪ ಐತ್ರಿ.”

ಸಂತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆಯೂ ನಕ್ಕಳು.

ಹೊರಡುವ ದಿನ ನಸುಕಿನಲ್ಲೇ ಬಳ್ಳಿಯ ಬುಡದಲ್ಲಿ ಕೂತು ಮೂರು ಎಲೆ ಮಡಚಿದಳು. ಎರಡು ಹುಬ್ಬಳ್ಳಿಯವರೆಗೆ, ಒಂದು ಅಕ್ಕನಿಗೆ. ವಿಮಾನದಲ್ಲಿ ತನಗೆ ಬೇಕಾದದ್ದನ್ನು ದಾರಿಯಲ್ಲಿ ಮಾಡಿಕೊಳ್ಳೋಣವೆಂದು ಇಡೀ ಅಡಿಕೆಯನ್ನೂ ಅಡಕತ್ತರಿಯನ್ನೂ ಚೀಲಕ್ಕೆ ಸೇರಿಸಿದಳು. ಎರಡೆಲೆ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ ಬಂತು. ತಪಾಸಣೆಯವರು ಮಾತ್ರ ಅಡಕತ್ತರಿಯನ್ನು ಎತ್ತಿಟ್ಟುಕೊಂಡರು.

“ಅದು ಅಡಿಕಿ ಕತ್ತರಸೂದ್ರಿ, ಮಂದೀನ್ನಲ್ಲ,” ಎಂದಳು. ಅವರು ನಕ್ಕರೇ ಹೊರತು ಕೊಡಲಿಲ್ಲ.

ಅಡಿಕೆ ಕತ್ತರಿಸಲಾಗದೆ ಈಗ ಉಳಿದದ್ದು ಅಕ್ಕನಿಗಿಟ್ಟ ಒಂದೇ ಎಲೆ. ಹೊಟ್ಟೆ ತೊಳಸಿದ ಕೂಡಲೇ ಬಾಯಿಗೆ ಹಾಕಿಕೊಳ್ಳುವುದೆಂದು ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ವಿಮಾನ ನೆಲ ಬಿಟ್ಟಿತು. ಕಿಟಕಿಯ ಕೆಳಗೆ ಊರುಗಳು ರಂಗೋಲಿಯ ಚುಕ್ಕೆಗಳಾದವು. ಸರೋಜವ್ವನಿಗೆ ಯಾಕೆಂದು ತಿಳಿಯದೆ ನಗು ಉಕ್ಕಿತು, ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ಈಗ ತೊಳಸೀತು, ಆಗ ತೊಳಸೀತು ಎಂದು ಕಾದದ್ದೇ ಬಂತು, ವಿಮಾನ ಇಳಿದೇಬಿಟ್ಟಿತು. ಎಲೆ ಮುಷ್ಟಿಯಲ್ಲೇ ಇತ್ತು. ಹಾಗಾದರೆ ಇದು ಅಕ್ಕನಿಗೇ ಎಂದು ಹಿಗ್ಗಿದಳು.

ಹಿಗ್ಗು ಟ್ಯಾಕ್ಸಿ ಹತ್ತುವವರೆಗೆ ಮಾತ್ರ. ಆಕಾಶದಲ್ಲಿ ಹಾರಿಬಂದಷ್ಟು ಹೊತ್ತು ಒಂದೇ ರಸ್ತೆಯಲ್ಲಿ ತೆವಳಬೇಕಾಯಿತು. ವಿಮಾನದಲ್ಲಿ ಸುಮ್ಮನಿದ್ದ ಹೊಟ್ಟೆ ಈಗ ಬಡ್ಡಿ ಸಮೇತ ತೊಳಸಿತು, ಕಣ್ಣಿಗೆ ಕತ್ತಲೆ ಬಂತು.

“ಅತ್ತಿ, ಎಲಿ ಬಾಯಾಗ ಹಾಕ್ಕೋರಿ,” ಎಂದು ಸುಧಾರಾಣಿ ಗಾಬರಿಯಾದಳು.

“ಇದು ಅಕ್ಕಂದು.”

ಅಷ್ಟು ಹೇಳಿ ಕಿಟಕಿಯಿಂದ ತಲೆ ಹೊರಹಾಕಿದಳು. ಬರುವುದೆಲ್ಲ ಬಂತು. ಟ್ಯಾಕ್ಸಿಯವನು ಬೈದದ್ದೂ ಆಯಿತು. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಮೂರು ಮಹಡಿ ಹತ್ತಿ, ಬಾಯಿ ತೊಳೆದುಕೊಂಡು, ಅಕ್ಕನ ಮುಂದೆ ಕೈ ಚಾಚಿದಳು. ಶಿವಬಸವ್ವ ಎಲೆಯ ತುದಿ ಬಿಡಿಸಿ ಬೆರಳಿನಿಂದ ಮುಟ್ಟಿ ನೋಡಿದಳು. ಸುಣ್ಣ ಇನ್ನೂ ಹಸಿ ಇತ್ತು. ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಅಗಿಯುತ್ತಲೇ ಕಣ್ಣೊರೆಸಿಕೊಂಡು ಕೇಳಿದಳು:

“ಭಾಳ ದೂರ ಆತೇನ, ಸರೂ?”

“ಒಂದ ಎಲಿ ಅಷ್ಟ, ಅಕ್ಕಾ. ಅದನ್ನೂ ನೀನ ತಿಂದಿ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ, ಇಬ್ಬರ ಸೀರೆಯೂ ಕೆಂಪಾಯಿತು.