ಡಿಸ್ಕಿಗೆ ಇಳಿಯದೆ ಹೋದ ಅಮ್ಮನ ಮಾತು

ಕೇರಳದ ಗಡಿಯಲ್ಲಿರುವ ಪೆರಿಕಲ್ಲೂರಿನ ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ನಾನು ಮೈಕ್ರೋಕರ್ನೆಲ್ ಎಂಬ ಬಗೆಯ, ಕೆಲಸಗಳನ್ನು ಸಣ್ಣ ಸಣ್ಣ ಪ್ರೋಗ್ರಾಂಗಳಿಗೆ ಹಂಚಿಕೊಡುವ ಆಪರೇಟಿಂಗ್ ಸಿಸ್ಟಂ ಒಂದನ್ನು ಹಾಕಿದ್ದೆ. ಅದರಲ್ಲಿ ಡಿಸ್ಕನ್ನು ನಡೆಸುವ ಡ್ರೈವರ್ ಬೇರೆಯೇ ಒಂದು ಪ್ರೋಗ್ರಾಂ. ನಮ್ಮ ಡಿಸ್ಕಿಗೆ ಹೊಂದುವಂಥದ್ದು ಎಲ್ಲೂ ಸಿಗದೆ, ತಿಂಗಳುಗಟ್ಟಲೆ ಕೂತು ನಾನೇ ಬರೆದೆ. ಡಿಸ್ಕ್ ಬಹಳ ನಿಧಾನ. ಹಾಗಾಗಿ ಟೈಪ್ ಮಾಡಿದ್ದೆಲ್ಲ ಮೊದಲು ಕರೆಂಟು ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿದ್ದು, ಆಮೇಲೆ ಡಿಸ್ಕಿಗೆ ಇಳಿಯುವಂತೆ ಮಾಡಿದ್ದೆ.

ಒಂದು ಮಧ್ಯಾಹ್ನ ಅಮ್ಮ ಪಕ್ಕದಲ್ಲಿ ಕೂತು, ತಾನು ಮದುವೆಯಾಗಿ ಆಚೆ ದಡದ ಕರ್ನಾಟಕದಿಂದ ದೋಣಿಯಲ್ಲಿ ಕಬಿನಿ ದಾಟಿ ಬಂದ ಕತೆ ಹೇಳಿದಳು. ನಾನು ಟೈಪ್ ಮಾಡುತ್ತಾ ಹೋದೆ. ಕತೆ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ನೋಡಿದರೆ ಒಂದು ಸಾಲೂ ಡಿಸ್ಕಿಗೆ ಇಳಿದಿರಲಿಲ್ಲ.

"ತಪ್ಪು ನಂದೇ ಅಮ್ಮ," ಎಂದು ಕಣ್ಣೊರೆಸಿಕೊಂಡೆ.

"ಸಾರಮಿಲ್ಲ ಮೋಳೇ," ಎಂದಳು ಅಮ್ಮ; ಪರವಾಗಿಲ್ಲ ಮಗಳೇ ಎಂದು, ಇಲ್ಲಿನ ಮಲಯಾಳಂನಲ್ಲಿ. "ಅಳಬೇಡ. ಇನ್ನೊಂದ್ಸಲ ಹೇಳ್ತೀನಿ."

ಅಮ್ಮ ಮೊದಲಿಂದ ಶುರುಮಾಡಿದಳು. ಕತೆ ಹೊಳೆಯ ನಡುವಿಗೆ ಬಂದಾಗ, "ಮೊದಲ್ನೇ ಸಲ ಇದನ್ನ ಹೇಳ್ಲಿಲ್ಲ. ಅಲ್ಲಿ ನಂಗೆ ಅಳು ಬಂದ್ಬಿಡ್ತು. ನಿಮ್ಮಪ್ಪ ಏನೂ ಕೇಳದೆ ಹೆಗಲ ಮೇಲಿನ ಟವೆಲ್ ತೆಗೆದುಕೊಟ್ರು," ಎಂದಳು.

ಆ ಮಾತು ಡಿಸ್ಕಿಗೆ ಇಳಿಯಿತೆಂದು ಖಾತ್ರಿಯಾಗುವವರೆಗೂ ನಾನು ಅವಳಿಗೆ "ಮುಂದೆ ಹೇಳಮ್ಮ" ಎನ್ನಲಿಲ್ಲ.