ಡೋಲ್ಫಿಗೆ ತಿಳಿಯದ ತಮಿಳು

ಡೋಲ್ಫಿ ಕ್ರಾಸ್ತಾ ಸತ್ತುಹೋದ. 2004ರ ನವೆಂಬರಿನಲ್ಲಿ ಒಂದು ಗುರುವಾರ ಕನ್ನಡಿಗರ ಸಮಾರಂಭ ಮುಗಿಸಿ ಬಂದು ಕುವೈತಿನ ಫರ್ವಾನಿಯಾದ ಕೋಣೆಯಲ್ಲಿ ಮಲಗಿದವನು ಬೆಳಗ್ಗೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಶರ್ಕ್‌ನ ಬ್ಯಾಂಕ್ ಕಟ್ಟಡವೊಂದರ ಬಾಗಿಲಲ್ಲಿ ವರ್ಷಗಟ್ಟಲೆ ಕಾವಲು ನಿಂತ ಮನುಷ್ಯ. ಅದಕ್ಕೂ ಮೊದಲು ಕಾಲಾಳು ಪಡೆಯ ಸಿಪಾಯಿ. ಶ್ರೀಲಂಕಾದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಭಾರತದ ಸೇನೆಯ ಜೊತೆ ಜಾಫ್ನಾಕ್ಕೆ ಹೋಗಿ ಪದಕ ಪಡೆದು ಬಂದಿದ್ದ.

ಪದಕದ ಕತೆಯನ್ನು ಅವನು ಯಾವಾಗಲೂ ಒಂದೇ ರೀತಿ ಹೇಳುತ್ತಿದ್ದ. ಮನೆಯೊಂದರ ಅಂಗಳದಲ್ಲಿ ಮುದುಕಿಯೊಬ್ಬಳು ಅಡ್ಡ ಬಂದಳು. ತಂಡದಲ್ಲಿ ತಮಿಳು ಬರುತ್ತಿದ್ದುದು ಡೋಲ್ಫಿಗೆ ಮಾತ್ರ, ಅದೂ ಸೇಲಂನ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ಕಲಿತದ್ದು. “ಉಳ್ಳೆ ಪೆಡಿಯಳ್ ನಿಕ್ಕಿನಂ” ಎಂದಳು ಮುದುಕಿ. ಒಳಗೆ ಮಕ್ಕಳಿದ್ದಾರಂತೆ ಎಂದು ಡೋಲ್ಫಿ ಹಿಂದಿಯಲ್ಲಿ ಹೇಳಿದ. ಜವಾನರು ಬಂದೂಕು ತಗ್ಗಿಸಿ ನಡೆದರು. ಕಿಟಕಿಯಿಂದ ಗುಂಡು ಬಂತು. ಮೂವರು ಅಲ್ಲೇ ಸತ್ತರು. ಗಾಯಗೊಂಡ ಇಬ್ಬರನ್ನು ಡೋಲ್ಫಿ ಗುಂಡುಗಳ ನಡುವೆಯೇ ಎಳೆದು ತಂದ. ಆಮೇಲೆ ಆ ಸುಳ್ಳಿಯ ಮುಖಕ್ಕೆ ಉಗಿದ. ಉಗಿದ ಭಾಗ ಬಂದಾಗ ಕೋಣೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಸಮಾರಂಭದ ಸನ್ಮಾನಕ್ಕೆ ಅವನ ಹೆಸರು ಕೊಟ್ಟವನು ಕೋಣೆಯ ಗೆಳೆಯ ಬಾವಾ. ಅದೇ ವಾರ, ಅವರು ದಿನವೂ ಉಣ್ಣುತ್ತಿದ್ದ ಮೆಸ್ಸಿಗೆ ಜಾಫ್ನಾ ಕಡೆಯ ಹೊಸ ಅಡುಗೆಯವ ಬಂದ. ಸಿವಪಾದಂ ಎಂದು ಹೆಸರು. ರೇಡಿಯೋ ಕೇಳುತ್ತಾ ಅವನು, ಈ ಶಾಂತಿ ಮಾತುಕತೆಗೆ ಪೆಡಿಯಳ್ ಒಪ್ಪುವುದು ಕಷ್ಟ ಎಂದ.

“ಮಕ್ಕಳಿಗೆಂತ ಮಾತುಕತೆ?” ಎಂದು ಡೋಲ್ಫಿ ತನ್ನ ತಮಿಳಿನಲ್ಲಿ ಕೇಳಿದ.

“ಮಕ್ಕಳಲ್ಲ ಅಣ್ಣೆ, ಬಂದೂಕು ಹಿಡಿದವರು! ನಮ್ಮೂರಲ್ಲಿ ಅವರಿಗೆ ಹುಡುಗರು ಅಂತಲೇ ಹೇಳೋದು. ನಿಮ್ಮದು ಸಿನಿಮಾ ತಮಿಳು.”

ಡೋಲ್ಫಿಯ ಕೈ ಅನ್ನದಲ್ಲೇ ನಿಂತಿತು. ಮುದುಕಿ ಎಚ್ಚರಿಸಿದ್ದಳು. ಒಳಗಿದ್ದವರಿಗೆ ಕೇಳಿಸುವಷ್ಟು ಹತ್ತಿರ ನಿಂತು ಎಚ್ಚರಿಸಿದ್ದಳು.

ಅಂದಿನಿಂದ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

“ಬಾವಾ, ಸನ್ಮಾನ ಗಿನ್ಮಾನ ಬೇಡ. ನನ್ನ ಹೆಸರು ತೆಗೆ.”

“ಎಂತ ಮಾರಾಯ, ನಾಚಿಕೆಯಾ? ಇಡೀ ಕುವೈತಿನಲ್ಲಿ ಮೆಡಲ್ ಇರುವ ವಾಚ್‌ಮನ್ ಇರುವುದು ನಮ್ಮ ರೂಮಲ್ಲಿ ಮಾತ್ರ. ಯಲ್ಲಾ, ಇಸ್ತ್ರಿ ಮಾಡಿದ ಶರ್ಟ್ ಹಾಕು!”

ನಾಚಿಕೆ ಎಂಬ ಮಾತು ಸರಿಯೇ ಇತ್ತು. ಯಾವುದಕ್ಕೆ ಎಂದು ಹೇಳಲು ಡೋಲ್ಫಿಗೆ ಬಾಯಿ ಬರಲಿಲ್ಲ. ಹೇಳದಿದ್ದರೆ ಮುದುಕಿ ಸುಳ್ಳಿಯಾಗಿಯೇ ಉಳಿಯುತ್ತಿದ್ದಳು. ಅವನು ಶರ್ಟ್ ಹಾಕಿಕೊಂಡ.

ವೇದಿಕೆಯಲ್ಲಿ ಕತೆ ಹೇಳಿದವನು ಬಾವಾನೇ. “ಆ ಮೋಸಗಾತಿ ಮುದುಕಿ...” ಎನ್ನುತ್ತಿದ್ದಂತೆ ಡೋಲ್ಫಿ ಎದ್ದು ಅವನ ಕೈಯಿಂದ ಮೈಕ್ ತೆಗೆದುಕೊಂಡ.

“ಆ ಅಜ್ಜಿ ಸುಳ್ಳು ಹೇಳಲಿಲ್ಲ. ನನಗೆ ಅವರ ಶಬ್ದ ಅರ್ಥ ಆಗಲಿಲ್ಲ. ಮೂವರು ಸತ್ತದ್ದು ನಾನು ಹೇಳಿದ ಮಾತಿನಿಂದ. ಉಗಿದದ್ದೂ ನಾನೇ.”

ಸಭೆಗೆ ಅದು ವಿನಯದ ಮಾತಾಗಿ ಕೇಳಿಸಿತು. ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನವರೂ ಎದ್ದರು. ಡೋಲ್ಫಿ ತಲೆ ತಗ್ಗಿಸಿ ಕಾದ. ಎಲ್ಲರೂ ಕೂತ ಮೇಲೆ ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಮೊದಲಿನಿಂದ, ನಿಧಾನವಾಗಿ, ಇನ್ನೊಮ್ಮೆ ಹೇಳಿದ.