ಪರಾತದ ಹಳದಿ ನೀರು

ಬೇವೂರಿನ ಹಂಪವ್ವ ಕಾಮಾಲೆ ತೊಳೆಯುವವಳು. ಅತ್ತೆಯಿಂದ ಕಲಿತ ಕೈ, ಇಪ್ಪತ್ತೆರಡು ವರ್ಷದ ರೂಢಿ. ರೋಗಿ ಐತವಾರ ಹೊತ್ತು ಮೂಡುವ ಮೊದಲೇ ಅವಳ ಪಡಸಾಲೆಗೆ ಬಂದಿರಬೇಕು. ಮನೆ ಬಿಟ್ಟಾಗಿನಿಂದ ತೊಳೆದು ಮುಗಿಯುವವರೆಗೆ ರೋಗಿಯಾಗಲಿ, ಜತೆಗೆ ಬಂದವರಾಗಲಿ ತುಟಿ ಬಿಚ್ಚುವಂತಿಲ್ಲ. ಹಂಪವ್ವ ಮಾವಿನ ತೊಗಟೆ ಅರೆದ ರಸವನ್ನು ರೋಗಿಯ ಮೊಣಕೈವರೆಗೆ ಹಚ್ಚಿ, ಮೇಲೆ ಸುಣ್ಣದ ತಿಳಿ ಸುರಿದು ತಿಕ್ಕುವಳು. ಕೆಳಗಿಟ್ಟ ಅಗಲ ತಟ್ಟೆಯಂಥ ಜರ್ಮನ್ ಪರಾತದಲ್ಲಿ ಹಳದಿ ನೀರು ನಿಲ್ಲುವುದು. ರೋಗ ಇಳಿದದ್ದನ್ನು ಜನ ಕಣ್ಣಾರೆ ಕಂಡು ಹೋಗುವರು. ಹೀಗೆ ಮೂರು ಐತವಾರ, ಜತೆಗೆ ಎಣ್ಣೆ ಖಾರ ಇಲ್ಲದ ಪಥ್ಯ. ಬಹಳಷ್ಟು ಮಂದಿಗೆ ಗುಣವಾಗುತ್ತಿತ್ತು. ಆಗದವರು ಪಥ್ಯ ಕೆಡಿಸಿದವರು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

೧೯೭೮ರ ಚಳಿಗಾಲದಲ್ಲಿ ಪಕ್ಕದ ಮಂಗಳೂರೆಂಬ ಹಳ್ಳಿಯಿಂದ ಇಬ್ಬರು ಅಣ್ಣತಮ್ಮಂದಿರು ಕಂಬಳಿ ಹೊದ್ದು ಬಂದು ಕುಳಿತರು. ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ, ಮಾತಂತೂ ಇಲ್ಲ. ಮೊದಲು ಚಾಚಿದ ಕೈಯನ್ನು ಹಿಡಿದು ಅವಳು ತೊಳೆದಳು. ಪರಾತ ಎಂದಿನಂತೆ ಹಳದಿಯಾಯಿತು. ಮುಗಿದ ಮೇಲೆ ಆ ಮನುಷ್ಯ ಬಾಯಿ ಬಿಟ್ಟ.

"ಯವ್ವಾ, ರೋಗ ನನಗಲ್ಲ, ಇವಗ. ಜತಿಗೆ ಬಂದವರಿಗೂ ತೊಳೀತಿ ಅಂತ ತಿಳಕೊಂಡೆ."

ಮೂವರೂ ನಕ್ಕರು. ಅವಳು ತಮ್ಮನ ಕೈಯನ್ನೂ ತೊಳೆದು ಕಳಿಸಿದಳು. ಆದರೆ ಅವರು ಹೋದ ಮೇಲೆ ಪರಾತದ ನೀರು ಚೆಲ್ಲಲು ಅವಳಿಂದಾಗಲಿಲ್ಲ. ರೋಗವಿಲ್ಲದವನ ಕೈಯಿಂದ ಇಳಿದದ್ದೇನು?

ಮರುದಿನ ಬಾಗಿಲು ಹಾಕಿಕೊಂಡು ತನ್ನ ಕೈಯನ್ನೇ ತೊಳೆದುಕೊಂಡಳು. ಹಳದಿ. ಇಷ್ಟು ವರ್ಷ ಮಂದಿಯ ರೋಗ ಮುಟ್ಟಿ ಮುಟ್ಟಿ ತನಗೂ ಅಂಟಿರಬಹುದೆಂದು ಒಂದು ಗಳಿಗೆ ಅನಿಸಿತು. ಹಾಗಾದರೆ ಮನುಷ್ಯರ ಮೈಯೇ ಇಲ್ಲದೆ ನೋಡಬೇಕು. ಹಿತ್ತಲಿನ ಒರಳುಕಲ್ಲಿಗೆ ಬರೀ ಸುಣ್ಣದ ತಿಳಿ ಸುರಿದಳು, ಬಣ್ಣವಿಲ್ಲ. ಕಲ್ಲು ತೊಳೆದು, ರಸ ಹಚ್ಚಿ, ಬಾವಿಯ ನೀರು ಸುರಿದಳು; ಕಂದು ಕೊಳೆ ಹರಿಯಿತು. ಮತ್ತೆ ತೊಳೆದು, ರಸ ಹಚ್ಚಿ ತಿಳಿ ಸುರಿದಾಗ ಕಲ್ಲಿನಿಂದ ಹಳದಿ ಇಳಿಯಿತು. ಮೂರು ಸಲ ಮಾಡಿ ನೋಡಿದಳು. ಮೂರು ಸಲವೂ ಅಷ್ಟೇ.

ಅಂದಿನಿಂದ ಅವಳಿಗೆ ಕುಂತಲ್ಲಿ ಕೂಡಲಾಗುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಹಿತ್ತಲಿಗೆ ಹೋಗುವಳು, ಏನು ಮರೆತೆನೆಂದು ತಿಳಿಯದೆ ತಿರುಗಿ ಬರುವಳು. ಬಣ್ಣ ಸುಳ್ಳಾದರೆ ಜನಕ್ಕೆ ಗುಣವಾದದ್ದು ಹೇಗೆ? ಚುಚ್ಚುಮದ್ದಿಗೆಂದು ಊರಿಗೆ ಬರುತ್ತಿದ್ದ ನರ್ಸ್ ಅನ್ನಮ್ಮ ಮೊದಲಿನಿಂದಲೂ ಇವಳನ್ನು ಕೆಣಕುತ್ತಿದ್ದವಳು. ಹಂಪವ್ವ ಬೇರೆ ಯಾರದೋ ಮಾತೆಂಬಂತೆ ಅವಳನ್ನು ಕೇಳಿದಳು. ಬಹಳ ಮಂದಿಗೆ ಈ ರೋಗ ತಿಂಗಳೊಪ್ಪತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ, ನಿನ್ನ ಮೂರು ಐತವಾರ ಮುಗಿಯುವುದೂ ಆ ಹೊತ್ತಿಗೇ ಎಂದು ಅನ್ನಮ್ಮ ನಕ್ಕಳು. ಬಸುರಿಯರ ಮಾತು ಮಾತ್ರ ಬೇರೆ, ಅವರನ್ನು ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದಳು. ಅದನ್ನು ಹೇಳುವಾಗ ನಗಲಿಲ್ಲ.

ಆದರೂ ಹಂಪವ್ವ ತೊಳೆಯುವುದನ್ನು ಬಿಡಲಿಲ್ಲ. ಬಿಟ್ಟರೆ ಏಕೆಂದು ಹೇಳಬೇಕಿತ್ತು. ಎರಡು ತಿಂಗಳು ಪರಾತದ ಕಡೆ ನೋಡದೆ ತೊಳೆದಳು.

ಅದಾದ ಮೇಲೆ ಒಂದು ಐತವಾರ ಮಾರೆವ್ವ ಬಂದಳು. ಎರಡು ಹರದಾರಿ ಆಚೆಯ ಹಳ್ಳಿಯವಳು. ಮಗ ಕಾಳಪ್ಪ ತನ್ನ ಹೆಂಡತಿ ಹುಲಗೆಮ್ಮನನ್ನು ಗಾಡಿಯಿಂದ ಎತ್ತಿಕೊಂಡೇ ಬಂದು ಇಳಿಸಿದ. ಹೊಟ್ಟೆ ಏಳು ತಿಂಗಳಿನದು. ಹಂಪವ್ವ ಕಂದೀಲು ಹಿಡಿದು ಕಣ್ಣ ರೆಪ್ಪೆ ಎತ್ತಿದಳು, ಅರಿಸಿನದಂತಿತ್ತು. ಹುಡುಗಿ ಕಣ್ಣು ಬಿಡಲಾರದಷ್ಟು ಮಂಪರಿನಲ್ಲಿದ್ದಳು.

ಎಷ್ಟು ದಿನವಾಯಿತೆಂದು ಹಂಪವ್ವ ಕೇಳಿದಳು. ಮಾರೆವ್ವ ಹೆದರಿ ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಮಾತಾಡ್ರಿ. ಮಾತಾಡಿದ್ರ ಏನೂ ಆಗೂದಿಲ್ಲ."

ಕಾಳಪ್ಪ ಹೆಂಡತಿಯ ಕೈಯನ್ನು ಪರಾತದ ಮೇಲೆ ಹಿಡಿದ. ತೊಳೆಯಲಾರೆ ಎಂದರೆ ಇವರು ಬರೆ ಹಾಕುವವನ ಬಳಿ ಹೋಗುತ್ತಾರೆ, ತೊಳೆದರೆ ಮನೆಗೆ ಹೋಗುತ್ತಾರೆ. ದೊಡ್ಡಾಸ್ಪತ್ರೆಯಿರುವ ಕೊಪ್ಪಳದ ಬಸ್ಸು ಏಳಕ್ಕೆ. ಹಂಪವ್ವ ಹುಲಗೆಮ್ಮನ ಕೈಯನ್ನು ಸರಿಸಿ, ಕಾಳಪ್ಪನ ಕೈ ಎಳೆದು ರಸ ಹಚ್ಚಿ ತಿಳಿ ಸುರಿದಳು. ಹಳದಿ ಇಳಿದದ್ದೇ ಅವನು ಮೌನ ಮರೆತ.

"ದೊಡ್ಡವ್ವ, ನನಗೂ ಹತ್ತೇತೇನು?"

ಹುಷಾರಿದ್ದವನ ಕೈಯಲ್ಲೂ ಹಳದಿ ಕಂಡರೆ ಇವರಿಗೆ ತಿಳಿದೀತೆಂದುಕೊಂಡಿದ್ದಳು, ಇದನ್ನು ಯೋಚಿಸಿರಲಿಲ್ಲ. ತೋಳು ಹಿಡಿದು ಅವನನ್ನು ಹಿತ್ತಲಿಗೆ ಕರೆದೊಯ್ದಳು, ಮಾರೆವ್ವ ಹಿಂದೆ ಬಂದಳು. ಇಬ್ಬರ ಮುಂದೆ ಒರಳುಕಲ್ಲನ್ನು ತೊಳೆದು ತೋರಿಸಿದಳು.

"ಈ ಕಲ್ಲಿಗೆ ಕಾಮಾಲಿ ಬಂದೇತೇನು? ಬಣ್ಣ ತೊಗಟಿದು, ಸುಣ್ಣದ್ದು. ನನ್ನ ಕೈಯಾಗ ಏನೂ ಇಲ್ಲ. ಈಗಿಂದೀಗ ಕೊಪ್ಪಳಕ್ಕ ಒಯ್ರಿ."

ಇಷ್ಟು ವರ್ಷ ಊರಿಗೆಲ್ಲ ಬಣ್ಣದಾಟ ತೋರಿಸಿದೆಯಾ ಎಂದು ಕಾಳಪ್ಪ ಮೈಮೇಲೆ ಬಂದ. ಮಾರೆವ್ವ ಅವನನ್ನು ತಡೆದಳು. ಆರು ವರ್ಷದ ಹಿಂದೆ ಅವಳ ಹಿರಿಯ ಮಗ ಪಕೀರಪ್ಪ ಇಲ್ಲೇ ಕಾಮಾಲೆ ತೊಳೆಸಿಕೊಂಡು, ಎರಡನೇ ಐತವಾರದ ನಂತರ ತೀರಿಕೊಂಡಿದ್ದ. ಪಲ್ಯಕ್ಕೆ ಒಂದು ಹನಿ ಕುಸುಬಿ ಎಣ್ಣೆ ಬಿಟ್ಟಿದ್ದೆನೆಂದು ಅವಳು ಅತ್ತಾಗ, ಅದರಿಂದಲೇ ಹೋದನೆಂದು ಹಂಪವ್ವ ಹೇಳಿದ್ದಳು.

"ಅವತ್ತಿಂದ ನಾ ನಾಲಿಗಿಗೆ ಎಣ್ಣಿ ಮುಟ್ಟಿಸಿಲ್ಲ, ಹಂಪಕ್ಕ," ಎಂದಳು ಮಾರೆವ್ವ.

"ನಿನ್ನ ಎಣ್ಣಿಯಿಂದ ಅಲ್ಲ. ನಾ ತಿಳೀಲಾರದ ಅಂದೆ."

ಮಾರೆವ್ವ ಪಡಸಾಲೆಗೆ ತಿರುಗಿ ಹೋದಳು. ಸೊಸೆಯನ್ನು ಎತ್ತಲು ತಲೆಯ ಕಡೆ ಹಿಡಿದಳು.

"ಗಾಡಿ ಹತ್ತು, ಬಸ್ಸಿಗೆ ಹೊತ್ತಾತು. ಅಲ್ಲಿ ಡಾಕ್ಟರ್ ಕೇಳಿದ್ರ ನಾವೇನು ಹೇಳೂನು? ನೀನಽ ಹೇಳು."

ಹಂಪವ್ವ ಹತ್ತಿದಳು. ಹನ್ನೊಂದು ದಿನ ಆಸ್ಪತ್ರೆಯ ಜಗಲಿಯಲ್ಲಿ ಮಾರೆವ್ವನ ಜತೆ ಉಳಿದಳು. ಕೂಸು ಅವಧಿಗೆ ಮೊದಲೇ ಹುಟ್ಟಿ ತೀರಿಕೊಂಡಿತು. ಹುಲಗೆಮ್ಮ ಉಳಿದಳು.

ಹಂಪವ್ವನ ಧೈರ್ಯದಿಂದಲೇ ಒಂದು ಜೀವ ಉಳಿಯಿತೆಂದು ಆಮೇಲೆ ಅನ್ನಮ್ಮ ಹೊಗಳಿದಳು. ಮನೆಯಲ್ಲೇ ಇದ್ದಿದ್ದರೆ ಸಾಯುತ್ತಿದ್ದಳೆಂದು ಖಚಿತವೇ ಎಂದು ಹಂಪವ್ವ ಮರುಪ್ರಶ್ನೆ ಹಾಕಿದಳು. ಅನ್ನಮ್ಮ ಉತ್ತರಿಸಿದಳು.

"ಇಂಥಾ ಬಸರ್ಯಾರು ಹತ್ತು ಮಂದಿ ಇದ್ರ ಎರಡೋ ಮೂರೋ ಹೋಗ್ತಾರ. ಈಕಿ ಯಾರೊಳಗಿದ್ಲೋ, ಹೆಂಗ ಹೇಳಲಿ?"

ಅಂದರೆ ಹತ್ತರಲ್ಲಿ ಏಳೆಂಟು ಮಂದಿ ತನ್ನ ಪರಾತ ದಾಟಿಯೂ ಬದುಕಿದ್ದರು. ಆ ಬದುಕಿದವರ ಮುಖಗಳಷ್ಟೇ ತನಗೆ ನೆನಪಿದ್ದವು. ಮೂರನೇ ಐತವಾರ ತಿರುಗಿ ಬಾರದ ಹೆಂಗಸರು ಎಷ್ಟು ಮಂದಿ? ಅವರಿಗೆ ಗುಣವಾಗಿತ್ತೆಂದೇ ಅವಳು ತಿಳಿದಿದ್ದಳು, ವಿಚಾರಿಸಿರಲಿಲ್ಲ.

ಮರುದಿನ ನಸುಕಿಗೆ ಹಂಪವ್ವ ರೊಟ್ಟಿ ಕಟ್ಟಿಕೊಂಡು ಮಂಗಳೂರಿನ ದಾರಿ ಹಿಡಿದಳು. ತಾನು ಕೈ ತೊಳೆದ ಬಸುರಿಯರ ಹೆಸರು ನೆನಪಿದ್ದದ್ದು ಒಂಬತ್ತು. ಮೊದಲ ಮನೆಯ ಮುಂದೆ ನಿಂತು, ಕೂಗಲು ಧೈರ್ಯ ಸಾಲದೆ, ಒಳಗೆ ಯಾರ ದನಿ ಕೇಳಿಸುತ್ತದೆಂದು ಕಿವಿಗೊಟ್ಟಳು.